ತೋಡದೆ ಬಿಟ್ಟ ಗುಂಡಿ

ಕಾಗಿಣಾ ನದಿಯ ಸೀಮೆಯಲ್ಲಿ ಬೇಸಿಗೆಯ ಹಗಲು ಮನುಷ್ಯರ ಕೈಬಿಟ್ಟು ಹೋಗಿ ಹಲವು ವರ್ಷಗಳಾಗಿದ್ದವು. ಹೋಳಿ ಮುಗಿದದ್ದೇ ತಡ, ಕೆಂಪು ಗಂಟೆಗಳು ಶುರುವಾಗುತ್ತಿದ್ದವು. ಬೆಳಗಿನ ಹನ್ನೊಂದಕ್ಕೆ ಒಂದು ಸೈರನ್ನು, ಸಂಜೆ ಐದಕ್ಕೆ ಇನ್ನೊಂದು. ಅವೆರಡರ ನಡುವೆ ಯಾರೂ ಹೊಸ್ತಿಲು ದಾಟುವಂತಿರಲಿಲ್ಲ. ದಾಟಿದವರನ್ನು ಪೊಲೀಸರು ಹಿಡಿಯುವ ಮೊದಲೇ ಬಿಸಿಲು ಹಿಡಿಯುತ್ತಿತ್ತು.

ಮನೆಮನೆಗೂ ತಂಪಿನ ಯಂತ್ರ ಕೊಡುವಷ್ಟು ಕರೆಂಟು ಇರಲಿಲ್ಲ. ಕೊಟ್ಟಲ್ಲಿ ಕೂಡ ಒಬ್ಬರ ಯಂತ್ರ ಉಗುಳಿದ ಬಿಸಿ ಇನ್ನೊಬ್ಬರ ಕಿಟಕಿಗೆ ಬಡಿದು ಜಗಳವಾಗುತ್ತಿತ್ತು. ಕೊನೆಗೆ ಸರಕಾರ ಓಣಿಗೊಂದು ದೊಡ್ಡ ಪೆಟ್ಟಿಗೆ ಕೊಟ್ಟಿತು. ಕಾಗದದಲ್ಲಿ ಅದರ ಹೆಸರು ಹೀಟ್ ಪಂಪ್, ಜನರ ಬಾಯಲ್ಲಿ ಗಾಳಿಪೆಟ್ಟಿಗೆ. ಕಂಪ್ರೆಸರು, ಫ್ಯಾನು, ತಾಮ್ರದ ಸುರುಳಿ ಎಲ್ಲವೂ ಆ ಒಂದೇ ಪೆಟ್ಟಿಗೆಯೊಳಗೆ. ಅದು ತಂಪನ್ನು ಹುಟ್ಟಿಸುವುದಿಲ್ಲ. ತೂತು ಬಿದ್ದ ದೋಣಿಯೊಳಗಿನ ನೀರನ್ನು ಬೊಗಸೆಯಲ್ಲಿ ಎತ್ತಿ ಹೊರಗೆ ಚೆಲ್ಲುವ ಹಾಗೆ ಮನೆಯೊಳಗಿನ ಶಾಖವನ್ನು ಎತ್ತಿ ಮಾಳಿಗೆಯ ಮೇಲೆ ಚೆಲ್ಲುತ್ತದೆ. ಮಾಗಿಯ ಚಳಿಗೆ ಅದನ್ನೇ ತಿರುವಿ ನಡೆಸಿದರೆ ಹೊರಗಿನ ಶಾಖವನ್ನು ಒಳಗೆ ತರುತ್ತದೆ. ಪೆಟ್ಟಿಗೆಯಿಂದ ಹೊರಟ ತಗಡಿನ ಕೊಳವೆಗಳು ಮಾಳಿಗೆಗಳ ಮೇಲೆ ಹಾದು, ಒಂದೊಂದು ಮನೆಗೂ ಇಳಿದು, ಗೋಡೆಯಲ್ಲಿ ಒಂದು ತಗಡಿನ ಜಾಲರಿಯಾಗಿ ಬಾಯಿ ತೆರೆಯುತ್ತವೆ. ಫರಸಿ ಓಣಿಯ ಹದಿಮೂರು ಮನೆಗಳು ಹೀಗೆ ಒಂದೇ ಉಸಿರು ಆಡತೊಡಗಿದವು.

ಆ ಕೊಳವೆಗಳನ್ನು ಕೂರಿಸಿದವಳು ಅದೇ ಓಣಿಯ ಮಹಾನಂದಾ.

ಅವಳ ಗುರು ಲಾಡ್ಲೆ ಸಾಬರು. ಒಂದು ಕಾಲಕ್ಕೆ ಮದುವೆಯ ಟ್ರಂಕುಗಳನ್ನು ಮಾಡುತ್ತಿದ್ದವರು. ಟ್ರಂಕು ಕೇಳುವವರು ಕಡಿಮೆಯಾಗಿ ಗಾಳಿಕೊಳವೆ ಕೇಳುವವರು ಹೆಚ್ಚಾದಾಗ ಅದೇ ಸುತ್ತಿಗೆ, ಅದೇ ತಗಡಿನಿಂದ ಕೊಳವೆ ಮಡಚತೊಡಗಿದರು. ಎಂಟನೆಯ ಇಯತ್ತೆಗೆ ಶಾಲೆ ಬಿಟ್ಟು ಬಂದ, ಕೇಳಿದರೆ ಮಾತ್ರ ಮಾತಾಡುವ ಈ ಹುಡುಗಿ ತಾವು ಬೈಯದೆಯೇ ಕೆಲಸ ಕಲಿಯುವುದನ್ನು ಕಂಡು ಅವರಿಗೆ ಸೋಜಿಗವಾಗಿತ್ತು. ಅವಳು ಕಣ್ಣಿನಿಂದ ಕಲಿಯುವವಳು. ಕೊಳವೆಯ ಸಂದಿಗೆ ಬಟ್ಟೆಪಟ್ಟಿ ಸುತ್ತಿದರೆ ಎರಡು ಬೇಸಿಗೆಗೆ ಉದುರುತ್ತದೆ, ಅಂಟುಮೇಣವನ್ನೇ ಬಳಿಯಬೇಕು. ಮರಳಿ ಹೋಗುವ ಗಾಳಿಯ ಬಾಯನ್ನು ಒಲೆಯ ಹತ್ತಿರ ಇಡಬಾರದು. ಒಂದು ಮನೆಯಲ್ಲಿ ಬೆಂಕಿ ಬಿದ್ದರೆ ಹೊಗೆ ಇನ್ನೊಂದಕ್ಕೆ ಹೋಗದಂತೆ ಗೋಡೆಗೊಂದು ಬೀಳುಬಾಗಿಲು ಬೇಕು. ಪೆಟ್ಟಿಗೆಯ ನಡುಕ ಕೊಳವೆಗೆ ತಾಗದಂತೆ ನಡುವೆ ಕ್ಯಾನ್‌ವಾಸಿನ ತೋಳು ಹಾಕಿದರೆ, ಆ ತೋಳನ್ನು ದಾಟಿಸಿ ತಾಮ್ರದ ತಂತಿಯ ಜಡೆ ಕಟ್ಟಿ ಪೆಟ್ಟಿಗೆ ಕೊಳವೆಗಳನ್ನು ಕೂಡಿಸಬೇಕು. ಇದೆಲ್ಲ ಅವಳ ಕೈಗೆ ಬಂದಿತ್ತು. ಎಲ್ಲ ಮುಗಿದ ಮೇಲೆ ಲಾಡ್ಲೆ ಸಾಬರು ಕೊಳವೆಯೊಳಗೆ ಲೋಬಾನದ ಹೊಗೆ ಬಿಟ್ಟು ಸಂದಿಸಂದಿಗೂ ಮೂಗು ಒಡ್ಡಿ ನಡೆದಿದ್ದರು. ಹದಿಮೂರು ಮನೆ ದೂರ ಎಲ್ಲಿಯೂ ಒಂದು ಎಳೆ ಹೊಗೆ ಹೊರಬಂದಿರಲಿಲ್ಲ.

"ಬೇಟಾ, ಇನ್ನ ಅರ್ಥಿಂಗ್ ಗುಂಡಿ ಒಂದೇ ಉಳದದ. ಅದು ನೀ ಮುಗಸು," ಎಂದು ಹೇಳಿ, ಕಣ್ಣಿನ ಪೊರೆ ತೆಗೆಸಿಕೊಳ್ಳಲು ಅವರು ಕಲಬುರಗಿಗೆ ಹೋದರು. ಕೆಲಸ ಮುಗಿದ ಕಾಗದದ ಮೇಲೆ ಮೊದಲೇ ಸಹಿ ಹಾಕಿ ಅವಳ ಕೈಗೆ ಕೊಟ್ಟಿದ್ದರು.

ಪೆಟ್ಟಿಗೆಯ ಮೈಗೆ ಎಲ್ಲಾದರೂ ಕರೆಂಟು ತಗುಲಿದರೆ ಅದು ಮನುಷ್ಯರ ಮೈ ಹೊಕ್ಕು ಇಳಿಯದೆ ನೇರ ನೆಲಕ್ಕೆ ಇಳಿಯಬೇಕು. ಅದಕ್ಕೆ ಆಳುದ್ದದ ಗುಂಡಿ ತೋಡಿ, ನಡುವೆ ತಾಮ್ರದ ಕೊಳವೆ ನಿಲ್ಲಿಸಿ, ಸುತ್ತ ಒಂದು ಪದರ ಇದ್ದಲು, ಒಂದು ಪದರ ಉಪ್ಪು ತುಂಬಿ ನೀರು ಹೊಯ್ಯಬೇಕು. ಹಸಿ ನೆಲವಿದ್ದಷ್ಟೂ ಒಳ್ಳೆಯದು. ಫರಸಿ ಓಣಿಯ ನೆಲ ತುಂಬ ಕಲ್ಲು. ಮಣ್ಣು, ಅದರಲ್ಲಿಯೂ ಹಸಿ ಮಣ್ಣು, ಇದ್ದದ್ದು ಒಂದೇ ಕಡೆ: ಮಾಳಿಗೆಯ ಮೇಲೆ ಪೆಟ್ಟಿಗೆ ಕೂರಿಸಿದ ಹಳೆಯ ಗೋದಾಮಿಗೆ ಅಂಟಿಕೊಂಡ ಕಾಶಮ್ಮಾಯಿಯ ಹಿತ್ತಲಲ್ಲಿ, ಬಚ್ಚಲ ನೀರು ಹರಿದು ಕರಿಬೇವಿನ ಗಿಡ ಬೆಳೆದ ಜಾಗದಲ್ಲಿ.

ಮಹಾನಂದಾ ಹಾರೆ ಹೆಗಲಿಗಿಟ್ಟು, ಕೈಗಾಡಿಯಲ್ಲಿ ಎರಡು ಚೀಲ ಹೇರಿಕೊಂಡು ಹೋದಳು. ಎಪ್ಪತ್ತು ದಾಟಿದ ಕಾಶಮ್ಮಾಯಿ ಹಿತ್ತಿಲ ಬಾಗಿಲಲ್ಲಿ ಕೂತು ಜೋಳ ಹಸನು ಮಾಡುತ್ತಿದ್ದಳು.

"ಚೀಲದಾಗ ಏನದ?" ಎಂದು ಕೇಳಿದಳು.

"ಇದ್ದಲಾ, ಆಯಿ."

"ಮತ್ತ ಆ ಇನ್ನೊಂದ್ರಾಗ?"

ಮಹಾನಂದಾ ಆ ಚೀಲದ ಬಾಯನ್ನು ಕೈಯಿಂದ ಮುಚ್ಚಿದಳು.

ಹನ್ನೊಂದು ವರ್ಷಗಳ ಕೆಳಗೆ, ಒಂದು ಅಮಾವಾಸ್ಯೆಯ ಮರುದಿನ, ಕಾಶಮ್ಮಾಯಿಯ ಹಾಲು ಕರೆಯುವ ಎಮ್ಮೆ ನಿಂತಲ್ಲೇ ಬಿದ್ದು ಸತ್ತಿತ್ತು. ಹೊಸ್ತಿಲ ಹೊರಗೆ ಹರಳುಪ್ಪಿನ ಸಣ್ಣ ಗುಡ್ಡೆ ಇತ್ತು. ಹಿಂದಿನ ಸಂಜೆ ಆ ಮನೆಗೆ ಮಜ್ಜಿಗೆ ಕೇಳಲು ಬಂದವಳು ಮಹಾನಂದಾಳ ತಾಯಿ ಶಾಂತಾಬಾಯಿ. ಗಂಡ ಸತ್ತವಳು, ಬೇರೆ ಊರಿನಿಂದ ಬಂದು ನೆಲೆ ನಿಂತವಳು. ಉಪ್ಪು ಇಟ್ಟು ಮಾಟ ಮಾಡಿದಳೆಂದು ಯಾರು ಮೊದಲು ಅಂದರೋ ತಿಳಿಯದು. ಯಾರೂ ಹೊಡೆಯಲಿಲ್ಲ, ಬೈಯಲಿಲ್ಲ. ಅವಳ ಕೈಯಿಂದ ಉಪ್ಪು, ಅರಿಸಿನ, ಮಜ್ಜಿಗೆ ಇಸಿದುಕೊಳ್ಳುವುದನ್ನು ಬಿಟ್ಟರು, ಅಷ್ಟೆ. ಶಾಲೆಯಲ್ಲಿ ಮಹಾನಂದಾ ಕೂತ ಬೆಂಚಿನ ಹುಡುಗಿಯರು ಒಬ್ಬೊಬ್ಬರೇ ಎದ್ದು ಬೇರೆ ಬೆಂಚಿಗೆ ಹೋದರು. ನಾಲ್ಕು ಜನರ ಬೆಂಚಿನಲ್ಲಿ ಒಬ್ಬಳೇ ಕೂತು ಒಂದು ತಿಂಗಳು ಪಾಠ ಕೇಳಿದಳು. ಆಮೇಲೆ ಹೋಗಲಿಲ್ಲ.

ಆ ತಾಯಿಯ ಮಗಳು ಈಗ ಅದೇ ಕಾಶಮ್ಮಾಯಿಯ ಹಿತ್ತಲಲ್ಲಿ ಒಂದು ಚೀಲ ಉಪ್ಪು ಹೂಳಬೇಕಿತ್ತು.

ಆಯಿ ಬೇಡವೆನ್ನಲಿಲ್ಲ. ಸಿಟ್ಟಾಗಲಿಲ್ಲ. ಕೇಳಿದ್ದು ಒಂದು ಮಾತು, ಅಷ್ಟೇ. ಮಹಾನಂದಾ ಎಷ್ಟೋ ಸಲ ಅದನ್ನು ನೆನೆದು ಒಳಗೇ ಮುದುಡಿದ್ದಾಳೆ. ಯಾರಾದರೂ ತಡೆದಿದ್ದರೆ ಅವರ ಮೇಲೆ ಹಾಕಬಹುದಿತ್ತು. ಅವಳನ್ನು ಯಾರೂ ತಡೆದಿರಲಿಲ್ಲ. "ಆಮ್ಯಾಲ ಬರ್ತೀನಾಯಿ," ಎಂದು ಕೈಗಾಡಿ ತಿರುಗಿಸಿ ಬಂದುಬಿಟ್ಟಳು. ಇದ್ದಲಿನ ಚೀಲವನ್ನು ಗೋದಾಮಿನಲ್ಲಿಟ್ಟಳು. ಉಪ್ಪಿನ ಚೀಲ ಯಾರ ಕಣ್ಣಿಗಾದರೂ ಬಿದ್ದೀತೆಂದು ಮರುದಿನ ನಸುಕಿನಲ್ಲಿ ಕಾಗಿಣಾ ನದಿಗೆ ಸುರಿದು ಬಂದಳು.

ಅದೇ ದಿನ ಪೆಟ್ಟಿಗೆಯ ಬಾಗಿಲು ತೆರೆದು ಗೇಣುದ್ದದ ಹಸಿರು ತಂತಿಯ ತುಂಡೊಂದನ್ನು ಒಳಗೆ ಬಿಗಿದಳು. ಬಂದ ಕರೆಂಟು ಮರಳಿ ಹೋಗುವ ತಂತಿಗೆ ನ್ಯೂಟ್ರಲ್ ಎನ್ನುತ್ತಾರೆ. ಗುಂಡಿಗೆ ಹೋಗಬೇಕಾದ ತಂತಿಯನ್ನು ಅವಳು ಆ ತುಂಡಿನಿಂದ ನ್ಯೂಟ್ರಲ್ಲಿಗೆ ಜೋಡಿಸಿದಳು. ಹಾಗೆ ಮಾಡಿದರೆ ಮೀಟರಿಗೆ ಮೋಸವಾಗುತ್ತದೆ. ನೆಲ ಸಿಕ್ಕಿತೆಂದೇ ತಿಳಿಯುತ್ತದೆ. ಮೀಟರು ಪಾಯಿಂಟ್ ಮೂರು ತೋರಿಸಿತು; ಈ ಲೆಕ್ಕ ಐದರ ಕೆಳಗೆ ಎಷ್ಟು ಕಡಿಮೆಯೋ ಅಷ್ಟು ಒಳ್ಳೆಯದು. ಕಾಗದದ ಮೇಲೆ, ಲಾಡ್ಲೆ ಸಾಬರ ಸಹಿಯ ಮೇಲಿನ ಸಾಲಿನಲ್ಲಿ, ಅದನ್ನೇ ಬರೆದಳು. ಮಳೆ ಬಿದ್ದ ಮೇಲೆ ತೋಡಿದರಾಯಿತು ಎಂದು ತನಗೆ ತಾನೇ ಹೇಳಿಕೊಂಡಳು. ನ್ಯೂಟ್ರಲ್ ತಂತಿ ಗಟ್ಟಿಯಿರುವವರೆಗೆ ಏನೂ ಆಗುವುದಿಲ್ಲ. ಅದು ಎಲ್ಲಾದರೂ ಸಡಿಲಾದರೆ ಮಾತ್ರ, ಮರಳಲು ದಾರಿ ಸಿಗದ ಕರೆಂಟು ಆ ಹಸಿರು ತುಂಡಿನಿಂದ ಹಾದು ಪೆಟ್ಟಿಗೆಯ ಮೈಗೆ, ಅಲ್ಲಿಂದ ಅವಳೇ ಕಟ್ಟಿದ ತಾಮ್ರದ ಜಡೆ ಹಿಡಿದು ಕೊಳವೆಗೆ, ಕೊಳವೆಯಿಂದ ಹದಿಮೂರು ಮನೆಗಳ ಜಾಲರಿಗೆ ಹೋಗಿ ನಿಲ್ಲುತ್ತದೆ. ಅದು ಅವಳಿಗೆ ಗೊತ್ತಿತ್ತು. ಗೊತ್ತಿದ್ದೇ ಮಾಡಿದ್ದಳು.

ಹೋಳಿಯ ಮರುದಿನ ಪೆಟ್ಟಿಗೆ ಗುಂಯ್‌ಗುಟ್ಟಿತು. ಬಾಗಿಲಿಗೆ ತಾನಾಗಿ ಬೀಗ ಬಿತ್ತು. ಬೇಸಿಗೆ ಮೂರು ತಿಂಗಳು ತಾಲೂಕಿನ ಗಾಳಿ ಕೇಂದ್ರದ ಅಪ್ಪಣೆಯಿಲ್ಲದೆ ಅದು ತೆರೆಯದು. ಜನ ಪೆಟ್ಟಿಗೆಗೆ ಕೈ ಹಾಕಿ ಕೆಡಿಸುತ್ತಾರೆಂದು ಮಾಡಿದ ಏರ್ಪಾಡು. ಹಸಿರು ತುಂಡು ಒಳಗೆ ಉಳಿಯಿತು.

ಯುಗಾದಿಯಾಗಿ ವಾರಕ್ಕೆ ಅದೇ ಓಣಿಯ ಸುಗಲಾಬಾಯಿಯ ಮನೆಯಲ್ಲಿ ಮೊದಲ ಸಲ ಜುಮ್ಮೆಂದಿತು. ಒದ್ದೆ ಬಟ್ಟೆಯಿಂದ ಜಾಲರಿಯ ಧೂಳು ಒರೆಸುವಾಗ ಮೊಣಕೈವರೆಗೆ ಇರುವೆ ಹರಿದ ಹಾಗಾಯಿತಂತೆ. ಎರಡು ದಿನಕ್ಕೆ ಇನ್ನೊಂದು ಮನೆ, ಆಮೇಲೆ ಕಾಶಮ್ಮಾಯಿಯ ಮನೆ. ಹಗಲಿನ ಬಿಸಿಗೆ ಹಿಗ್ಗಿ ಇರುಳಿಗೆ ಕುಗ್ಗಿ, ಕಂಬದ ಮೇಲಿನ ನ್ಯೂಟ್ರಲ್ ಕೀಲು ಸಡಿಲಾಗುತ್ತಿದೆ ಎಂದು ಮಹಾನಂದಾಗೆ ಕೇಳಿದ ಕೂಡಲೇ ಹೊಳೆಯಿತು. ಕಂಬ ಹತ್ತುವ ಅಧಿಕಾರ ಅವಳದಲ್ಲ. ಹೇಳಬೇಕಾದದ್ದು ಗಾಳಿ ಕೇಂದ್ರಕ್ಕೆ.

ಹೇಳಬೇಕೆಂದೇ ಒಂದು ಸೋಮವಾರ ಬೆಳಿಗ್ಗೆ ಬಸ್ಸು ಹತ್ತಿ ಹೋದಳು. ಕೇಂದ್ರದ ದೊಡ್ಡ ಕೋಣೆಯ ಗೋಡೆ ತುಂಬ ಸಣ್ಣ ದೀಪಗಳು, ಓಣಿಗೊಂದು. ಪೆಟ್ಟಿಗೆಗಳು ಗಂಟೆಗೊಮ್ಮೆ ತಮ್ಮನ್ನು ತಾವೇ ಪರೀಕ್ಷಿಸಿಕೊಂಡು ಸುದ್ದಿ ಕಳಿಸುತ್ತಿದ್ದವು. ಕೆಲವು ಹಳದಿ, ಒಂದೆರಡು ಕೆಂಪು. ಫರಸಿ ಓಣಿಯದು ಹಸಿರು, ಅಚ್ಚ ಹಸಿರು. ಅಲ್ಲಿನ ಮೇಲಧಿಕಾರಿ ಜಗದೇವಿ ಮೇಡಂ ಅವಳನ್ನು ಕಂಡದ್ದೇ ಎದ್ದು ಬಂದರು. ಉಳಿದವರನ್ನೆಲ್ಲ ಕರೆದು ಇವಳೇ ಆ ಹುಡುಗಿ ಎಂದು ತೋರಿಸಿದರು. ಹೆಣ್ಣುಮಗಳೊಬ್ಬಳು ಕೂರಿಸಿದ ಮೊದಲ ಪೆಟ್ಟಿಗೆ ಅದೆಂದೂ, ಅರ್ಥಿಂಗ್ ಜಿಲ್ಲೆಗೇ ಮೇಲು ಎಂದೂ, ಬೇರೆಯವರು ಹೋಗಿ ಆ ಗುಂಡಿಯನ್ನು ನೋಡಿ ಕಲಿಯಬೇಕೆಂದೂ ಹೇಳಿದರು.

"ಗುಂಡಿಗಿ ಉಪ್ಪು ಎಷ್ಟ್ ಹಾಕಿದ್ದಿ? ಇವರಿಗಿ ಹೇಳವಾ ಸ್ವಲ್ಪ," ಎಂದರು.

ಮಹಾನಂದಾ ನೆಲ ನೋಡಿದಳು. ಅವಳ ನಾಚಿಕೆ ಎಲ್ಲರಿಗೂ ಗೊತ್ತಿದ್ದದ್ದೇ. ಎಲ್ಲರೂ ನಕ್ಕರು. ಯಾರೋ ಚಹಾ ತಂದುಕೊಟ್ಟರು. ಅವಳು ಆ ಚಹಾ ಕುಡಿದು ಬಸ್ಸು ಹತ್ತಿ ಮನೆಗೆ ಬಂದಳು.

ಆ ಸಂಜೆ ನಲ್ಲಿಯ ಹತ್ತಿರ ಮಾತು ಬೇರೆ ದಾರಿ ಹಿಡಿದಿತ್ತು. ಯಾರೋ ಕೇಂದ್ರಕ್ಕೆ ಫೋನು ಮಾಡಿ ಕೇಳಿದ್ದರಂತೆ: ಯಂತ್ರ ಹಸಿರು ತೋರಿಸುತ್ತಿದೆಯೆಂದರೆ ಯಂತ್ರದಲ್ಲಿ ದೋಷವಿಲ್ಲ. ಯಂತ್ರದಲ್ಲಿ ದೋಷವಿಲ್ಲದೆ ಜಾಲರಿ ಜುಮ್ಮೆನ್ನುತ್ತದೆಂದರೆ ಅದು ಮತ್ತೇನೋ. ಹಿಂದಿನ ಸಲ ಎಮ್ಮೆ, ಈ ಸಲ ಗಾಳಿ. ಸುಗಲಾಬಾಯಿ ಕೊಡ ತುಂಬಿಸುತ್ತ, ಶಾಂತಾಬಾಯಿಗೆ ಕೇಳಿಸುವಷ್ಟು ಗಟ್ಟಿಯಾಗಿ ಅಂದಳು, "ಪೆಟ್ಟಿಗಿ ಮಗಳದು, ಮಂತ್ರ ತಾಯಿದು. ಮನಿಮನಿಗಿ ಹಂಚ್ಯಾರ ನೋಡವ್ವಾ, ಪುಕ್ಕಟ."

ಶಾಂತಾಬಾಯಿ ಕೊಡ ಕೆಳಗಿಟ್ಟಳು. ಹನ್ನೊಂದು ವರ್ಷದಲ್ಲಿ ಅವಳು ಆ ನಲ್ಲಿಯ ಹತ್ತಿರ ಹತ್ತು ಮಾತು ಆಡಿದ್ದಳೋ ಇಲ್ಲವೋ.

"ಆವತ್ತ ನನಗ ಯಾರೂ ಕೇಳಲಿಲ್ಲ," ಎಂದಳು. "ಕೇಳಿದ್ರ ಆಣಿ ಮಾಡ್ತಿದ್ದೆ. ಈಗ ಮಾಡ್ತೀನಿ. ನಾಳಿ ಕಾಶಮ್ಮಾಯಿ ಮನ್ಯಾಗ ಮೈ ತೊಳಕೊಂಡು, ಒದ್ದಿ ಸೀರಿಲೆ ಆ ಜಾಲರಿ ಎರಡೂ ಕೈಲೆ ಹಿಡಿತೀನಿ. ನಂದಾಗಲಿ ನನ್ನ ಮಗಳದಾಗಲಿ ತಪ್ಪಿದ್ರ ಅಲ್ಲೇ ಬೀಳ್ತೀನಿ."

ಒದ್ದೆ ಸೀರೆಯ ಆಣೆಗೆ ಮೀರಿದ ಆಣೆ ಆ ಓಣಿಯಲ್ಲಿ ಇರಲಿಲ್ಲ. ಸುಗಲಾಬಾಯಿ ಕೂಡ ಕೊಡ ಎತ್ತಿಕೊಂಡು ಹೊರಟಳು.

ಮನೆಗೆ ಬಂದ ಮೇಲೆ ಮಹಾನಂದಾ ತಾಯಿಯ ಹಿಂದೆ ಮುಂದೆ ಸುಳಿದಾಡಿದಳು. ಆಣೆಗೀಣೆ ಬೇಡವೆಂದಳು. ಜನ ನಾಲ್ಕು ದಿನ ಮಾತಾಡಿ ಮರೆಯುತ್ತಾರೆಂದಳು. ಶಾಂತಾಬಾಯಿ ರೊಟ್ಟಿ ಬಡಿಯುವ ಕೈ ನಿಲ್ಲಿಸಿ ಮಗಳ ಮುಖ ನೋಡಿದಳು.

"ನಿನ್ನ ಕೆಲಸದಾಗ ಏನರ ತಪ್ಪದೇನು?"

"ಇಲ್ಲ."

"ಮತ್ಯಾಕ ಬ್ಯಾಡಂತಿ?"

ತಾಯಿ ಮತ್ತೆ ರೊಟ್ಟಿ ಬಡಿಯತೊಡಗಿದಳು. ಬಡಿತದಲ್ಲಿ ಒಂದು ಹುರುಪಿತ್ತು. ಮಗಳ ಕೆಲಸದ ಮೇಲೆ ಕೈಯಿಟ್ಟು ಓಣಿಯೆದುರು ನಿಲ್ಲುವ ದಿನ ಬಂತೆಂಬ ಹುರುಪು. ಅದನ್ನು ಕೇಳುತ್ತ ಮಹಾನಂದಾ ಗೋಡೆಯ ಕಡೆ ಮುಖ ಮಾಡಿ ಕೂತಳು. ರಾತ್ರಿಯಿಡೀ ಯೋಚಿಸಿ ಒಂದು ಉಪಾಯ ಕಂಡಳು. ಆಣೆಯ ಹೊತ್ತಿಗೆ ಮಾಳಿಗೆ ಹತ್ತಿ, ಪೆಟ್ಟಿಗೆಯ ಹೊರಗಿನ ದೊಡ್ಡ ಸ್ವಿಚ್ಚನ್ನು ಎರಡು ನಿಮಿಷ ಕೆಳಗೆ ಎಳೆದರಾಯಿತು. ಜಾಲರಿ ಸುಮ್ಮನಿರುತ್ತದೆ. ತಾಯಿಯ ಆಣೆ ನಿಲ್ಲುತ್ತದೆ. ಯಾರಿಗೂ ಏನೂ ತಿಳಿಯುವುದಿಲ್ಲ.

ಮರುದಿನ ಸೈರನ್ನಿಗೆ ಮೊದಲೇ ಆರೇಳು ಹೆಂಗಸರು ಕಾಶಮ್ಮಾಯಿಯ ಪಡಸಾಲೆಯಲ್ಲಿ ಸೇರಿದರು. ಸೈರನ್ನು ಕೂಗಿತು; ಇನ್ನು ಸಂಜೆ ಐದರವರೆಗೆ ಯಾರೂ ಹೊರಗೆ ಹೋಗುವಂತಿಲ್ಲ. ಶಾಂತಾಬಾಯಿ ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಂಡಳು. ನೀರು ಸುರಿಯುವ ಸದ್ದು ಕೇಳಿದ್ದೇ ಮಹಾನಂದಾ ಹಿತ್ತಿಲಿನಿಂದ ಗೋದಾಮಿನ ಮಾಳಿಗೆಗೆ ಏರಿದಳು.

ಬಿಸಿಲು ಮುಖಕ್ಕೆ ಕಾದ ಹಂಚಿನ ಹಾಗೆ ಬಡಿಯಿತು. ಒದ್ದೆ ಪಂಚೆಯನ್ನು ತಲೆಗೆ ಸುತ್ತಿ, ರಬ್ಬರಿನ ಕೈಗವಸು ಹಾಕಿಕೊಂಡು ಸ್ವಿಚ್ಚು ಎಳೆದಳು. ಪೆಟ್ಟಿಗೆ ನಿಟ್ಟುಸಿರಿಟ್ಟು ನಿಂತಿತು. ಅಭ್ಯಾಸದ ಬಲದಿಂದ ಒಂದು ಕೈಗವಸು ಕಳಚಿ ಟೆಸ್ಟರಿನ ತುದಿಯನ್ನು ಪೆಟ್ಟಿಗೆಯ ಮೈಗೆ ಒತ್ತಿದಳು.

ಸ್ವಿಚ್ಚು ಎಳೆದಿದ್ದರೂ ಟೆಸ್ಟರಿನ ದೀಪ ಹತ್ತಿತು. ಆ ಬಿಸಿಲಿನಲ್ಲಿಯೂ ಎದ್ದು ಕಾಣುವಷ್ಟು ಉರಿಯುತ್ತಿತ್ತು.

ಆಗ ಅವಳಿಗೆ ತಿಳಿಯಿತು. ಕಂಬದ ಮೇಲಿನ ಕೀಲು ಪೂರ್ತಿ ಬಿಟ್ಟುಹೋಗಿದೆ. ಹಸಿರು ತುಂಡನ್ನು ಅವಳು ಬಿಗಿದದ್ದು ಸ್ವಿಚ್ಚಿಗಿಂತ ಮೊದಲು, ತಂತಿ ಪೆಟ್ಟಿಗೆಯನ್ನು ಹೊಗುವ ಜಾಗದಲ್ಲಿ. ಓಣಿಯ ಎಲ್ಲ ಮನೆಗಳ ಮರಳಿ ಹೋಗುವ ಕರೆಂಟು ಈಗ ದಾರಿ ಕಾಣದೆ ಆ ತುಂಡಿನಿಂದಲೇ ಬಂದು ತಗಡಿನ ಮೇಲೆ ನಿಂತಿದೆ. ಪೆಟ್ಟಿಗೆ ನಡೆದರೂ ಅಷ್ಟೇ, ನಿಂತರೂ ಅಷ್ಟೇ. ತುಂಡನ್ನು ಕತ್ತರಿಸೋಣವೆಂದರೆ ಬಾಗಿಲಿಗೆ ಬೀಗ. ಕೆಳಗೆ ನೀರಿನ ಸದ್ದು ನಿಂತಿತ್ತು.

ಅವಳು ಫೋನು ತೆಗೆದು ಗಾಳಿ ಕೇಂದ್ರಕ್ಕೆ ಹಚ್ಚಿ, ಪೆಟ್ಟಿಗೆಯ ಬೀಗ ತೆಗೆಯಿರಿ ಎಂದಳು.

"ಈಗ ಬಾಗಲಾ ತೆಗಿಬೇಕಾ? ಕೆಂಪು ಗಂಟಿದಾಗ?" ಜಗದೇವಿ ಮೇಡಂ ಕೇಳಿದರು. "ಇಲ್ಲಿ ನಿಂದು ಹಸರೇ ಅದಲ್ಲ. ಅರ್ಥಿಂಗ್ ಪಾಯಿಂಟ್ ಮೂರು. ಸಂಜಿಗಿ ನೋಡಿದ್ರಾತು, ಮೊದಲ ಒಳಗ ಹೋಗು."

ಅವಳು ಬರೆದ ಸುಳ್ಳೇ ಬಾಗಿಲ ಮುಂದೆ ಕಾವಲು ಕೂತಿತ್ತು.

"ಆ ಪಾಯಿಂಟ್ ಮೂರು ಸುಳ್ಳದರಿ, ಮೇಡಂ," ಎಂದಳು. "ಗುಂಡಿನೇ ತೋಡಿಲ್ರಿ ನಾ. ನ್ಯೂಟ್ರಲ್‌ಗಿ ಕಟ್ಟೀನಿ. ಈಗ ಕಂಬದಾಗ ನ್ಯೂಟ್ರಲ್ ಹೋಗ್ಯಾದ. ಇಡೀ ಓಣಿ ಜಾಲರಿಗಿ ಕರೆಂಟ್ ಬಂದದರಿ. ಲೈನ್ ಬಂದ್ ಮಾಡ್ರಿ."

ಆ ಕಡೆಯ ದನಿಯಲ್ಲಿ ಹಿಂದಿನ ಅಕ್ಕರೆ ಇರಲಿಲ್ಲ. "ಲೈನ್ ಬಂದ್ ಆಗ್ಲಿಕ್ಕಿ ಎರಡ್ ನಿಮಿಷ ಬೇಕು. ಅಲ್ಲೀತನ ಯಾರೂ ಮುಟ್ಟದಂಗ ನೋಡಕೋ."

ಎರಡು ನಿಮಿಷ. ಅವಳು ಮೆಟ್ಟಿಲು ಇಳಿದಳೋ ಹಾರಿದಳೋ. ಪಡಸಾಲೆಯ ಬಾಗಿಲಿಗೆ ಬಂದಾಗ ಶಾಂತಾಬಾಯಿ ಸೀರೆಯಿಂದ ನೀರು ತೊಟ್ಟಿಕ್ಕಿಸುತ್ತ ಜಾಲರಿಯ ಮುಂದೆ ನಿಂತಿದ್ದಳು. ಕಾಲ ಕೆಳಗಿನ ಫರಸಿಯ ಮೇಲೆ ನೀರು ಹರಡಿತ್ತು. ಅವಳು ಮನೆದೇವರ ಹೆಸರು ಹೇಳಿ ಎರಡೂ ಕೈ ಎತ್ತಿದ್ದಳು.

"ಯವ್ವಾ, ಮುಟ್ಟಬ್ಯಾಡ."

ಮಹಾನಂದಾ ತಾಯಿಗೂ ಗೋಡೆಗೂ ನಡುವೆ ಬಂದು ನಿಂತಳು. ಎಲ್ಲರೂ ಅವಳನ್ನೇ ನೋಡುತ್ತಿದ್ದರು. ಇಷ್ಟು ಕಣ್ಣುಗಳ ಮುಂದೆ ಅವಳು ಎಂದೂ ಬಾಯಿ ತೆರೆದವಳಲ್ಲ.

"ಮಾಟ ಇಲ್ಲ, ಏನಿಲ್ಲ," ಎಂದಳು. "ತಪ್ಪು ನಂದು. ಗುಂಡಿ ತೋಡಿ ಉಪ್ಪು ಇದ್ದಲಾ ಹಾಕಬೇಕಿತ್ತು. ಆಯಿ ಹಿತ್ತಲದಾಗ ಉಪ್ಪು ಹೂಳಿದ್ರ ಮತ್ತ ನಮ್ಮವ್ವಗ ಅಂತೀರಂತ ಅಂಜಿ, ತೋಡಲಾರದೆ ತೋಡೀನಂತ ಬರದೆ. ಮುಟ್ಟಿದ್ರ ಜೀವಾ ಹೋಗ್ತದ. ಯಾರೂ ಮುಟ್ಟಬ್ಯಾಡ್ರಿ."

ಅಷ್ಟರಲ್ಲಿ ತಲೆಯ ಮೇಲಿನ ದೀಪ ಆರಿತು. ಕಾಶಮ್ಮಾಯಿಯ ಫ್ರಿಜ್ಜು ಒಮ್ಮೆ ನಡುಗಿ ನಿಂತಿತು. ಓಣಿಯಲ್ಲಿ ಒಂದೂ ಯಂತ್ರದ ಸದ್ದು ಉಳಿಯಲಿಲ್ಲ.

ಶಾಂತಾಬಾಯಿ ಎತ್ತಿದ ಕೈಗಳನ್ನು ನಿಧಾನವಾಗಿ ಕೆಳಗಿಳಿಸಿದಳು. ಮಗಳನ್ನು ಬೈಯಲಿಲ್ಲ. "ನಿನ್ನೆ ಕೇಳಿದಾಗ ಇಲ್ಲಂದಿ," ಎಂದಳು. ಅಷ್ಟು ಹೇಳಿ ಒದ್ದೆ ಸೆರಗನ್ನು ಮೈತುಂಬ ಹೊದ್ದು ಮೂಲೆಗೆ ಹೋಗಿ ಕೂತಳು. ಹೊಡೆದಿದ್ದರೆ ಚೆನ್ನಾಗಿತ್ತೆಂದು ಮಹಾನಂದಾಗೆ ಅನ್ನಿಸಿತು.

ಗಾಳಿ ನಿಂತ ಮನೆ ಕಾವಲಿಯ ಹಾಗೆ ಕಾಯತೊಡಗಿತು. ಜಗದೇವಿ ಮೇಡಂ ಮತ್ತೆ ಫೋನು ಮಾಡಿ ನಾಲ್ಕು ಮಾತು ಹೇಳಿದರು: ತಂಪಿನ ವ್ಯಾನಿನಲ್ಲಿ ಲೈನ್‌ಮನ್ ಹೊರಟಿದ್ದಾನೆ, ಕಂಬದ ಕೀಲು ಅವನು ಕಟ್ಟುತ್ತಾನೆ, ಪೆಟ್ಟಿಗೆಯ ಬೀಗ ಈಗ ತೆರೆದಿದೆ, ಗುಂಡಿ ತೋಡಿ ನಿಜವಾದ ಲೆಕ್ಕ ಐದರ ಕೆಳಗೆ ಬರುವವರೆಗೆ ಓಣಿಗೆ ಗಾಳಿ ಇಲ್ಲ. ಹದಿಮೂರು ಮನೆ. ಸುಗಲಾಬಾಯಿಯ ಮನೆಯಲ್ಲಿ ಎರಡು ತಿಂಗಳ ಕೂಸು. ಸಂಜೆಗೆ ಇನ್ನೂ ಐದೂವರೆ ಗಂಟೆ.

ಮಹಾನಂದಾ ಮಾಳಿಗೆಗೆ ಹೋಗಿ ಹಸಿರು ತುಂಡನ್ನು ಕತ್ತರಿಸಿ ಜೇಬಿಗಿಟ್ಟುಕೊಂಡಳು. ಹಾರೆ ತಂದು ಹಿತ್ತಲಲ್ಲಿ ಅಗೆಯತೊಡಗಿದಳು. ಬಚ್ಚಲಿನಿಂದ ಆಗಷ್ಟೇ ಹರಿದು ಬಂದ ನೀರು, ತಾಯಿ ಆಣೆಗೆಂದು ಸುರಿದುಕೊಂಡ ನೀರು, ಮಣ್ಣನ್ನು ಮೆತ್ತಗೆ ಮಾಡಿತ್ತು. ಸ್ವಲ್ಪ ಹೊತ್ತಿಗೆ ಸುಗಲಾಬಾಯಿ ಒದ್ದೆ ಗೋಣಿತಟ್ಟು ತಂದು ಅವಳ ತಲೆಯ ಮೇಲೆ ನೆರಳಾಗುವಂತೆ ಬಚ್ಚಲ ಸೂರಿಗೆ ಕಟ್ಟಿ, ಮುಖ ನೋಡದೆ ಒಳಗೆ ಹೋದಳು. ಅದು ಕರುಣೆಯೋ ಕೆಲಸ ಬೇಗ ಮುಗಿಯಲೆಂಬ ಅವಸರವೋ ತಿಳಿಯಲಿಲ್ಲ.

ಗುಂಡಿ ಎದೆಮಟ್ಟಕ್ಕೆ ಬಂದಾಗ ಕಾಶಮ್ಮಾಯಿ ಹಿತ್ತಿಲ ಬಾಗಿಲಿಗೆ ಬಂದು ನಿಂತಳು.

"ಇದ್ದಲಾ ಅದ. ಉಪ್ಪು ಎಲ್ಲದ?"

"ಹೊಳಿಗಿ ಸುರುವಿದೆ, ಆಯಿ."

ಆಯಿ ಒಳಗೆ ಹೋದಳು. ಉಪ್ಪಿನಕಾಯಿಗೆಂದು ವರ್ಷಕ್ಕಾಗುವಷ್ಟು ಹರಳುಪ್ಪು ತುಂಬಿಟ್ಟ ಭರಣಿಯನ್ನು ಎತ್ತಲಾರದೆ ನೆಲದ ಮೇಲೆ ಎಳೆಯುತ್ತ ತಂದಳು. ಗುಂಡಿಯ ಅಂಚಿಗೆ ಕೂತು, ಮಹಾನಂದಾ ಇದ್ದಲು ಹರಡಿದ ಹಾಗೆಲ್ಲ ತಾನೇ ಬೊಗಸೆ ತುಂಬಿ ಉಪ್ಪು ಸುರಿದಳು. ಮೂರನೆಯ ಪದರಕ್ಕೆ ಬಂದಾಗ, ಪಡಸಾಲೆಯವರಿಗೆ ಕೇಳದಷ್ಟು ಮೆಲ್ಲಗೆ ಮಾತಾಡಿದಳು.

"ಎಮ್ಮಿಗಂತ ತಂದ ಉಪ್ಪದು. ಆವತ್ತ ಬಾಗಲದಾಗ ಬಿದ್ದಿತ್ತಲ್ಲ, ಅದು. ಚೀಲ ಇಲಿ ಕಡದಿತ್ತು. ಹೊಲದಿಂದ ಬಂದು ಕಟ್ಟಿ ಮ್ಯಾಲಿನ ಚೀಲ ಒಳಗಿಡಾಗ ಸುರದದ. ಮೂರ್ ದಿನ ಆದಮ್ಯಾಲ ಚೀಲದ ತೂತು ಕಂಡೆ."

ಮಹಾನಂದಾ ಗುಂಡಿಯೊಳಗಿನಿಂದ ತಲೆಯೆತ್ತಿ ನೋಡಿದಳು. ಆಯಿಯ ಕಣ್ಣು ಉಪ್ಪಿನ ಮೇಲೆಯೇ ಇತ್ತು.

"ಹೇಳಬೇಕಂದೆ. ಅಷ್ಟೊತ್ತಿಗಿ ಓಣಿ ತುಂಬ ಆಗಿಬಿಟ್ಟಿತ್ತು. ಹೆಂಗ ಹೇಳಲಿ? ಇವತ್ತ ಹೇಳತಾ, ನಾಳಿ ಹೇಳತಾ, ಹನ್ನೊಂದ್ ವರ್ಷ ಆತು."

ಮಹಾನಂದಾಗೆ ಸಿಟ್ಟು ಬರಬೇಕಿತ್ತು. ನಾಲ್ಕು ಜನರ ಆ ಬೆಂಚು ಕಣ್ಣ ಮುಂದೆ ಬಂತು. ಆದರೆ ಮಳೆ ಬಿದ್ದ ಮೇಲೆ ತೋಡಿದರಾಯಿತು ಎಂದವಳು ಯಾವ ಬಾಯಿಂದ ಸಿಟ್ಟಾಗುವುದು? ಅವಳು ಇನ್ನೊಂದು ಪದರ ಇದ್ದಲು ಹರಡಿದಳು. ಆಯಿ ಇನ್ನೊಂದು ಬೊಗಸೆ ಸುರಿದಳು. ಭರಣಿ ಖಾಲಿಯಾಯಿತು.

ಕೊಡಗಟ್ಟಲೆ ನೀರು ಹೊಯ್ದು, ತಾಮ್ರದ ಕೊಳವೆಗೆ ತಂತಿ ಬಿಗಿದು ಮೀಟರು ಹಿಡಿದಾಗ ಮೂರು ಗಂಟೆ. ಮೂರು ಪಾಯಿಂಟ್ ಎಂಟು ಬಂತು. ಸುಳ್ಳು ಬರೆದ ಪಾಯಿಂಟ್ ಮೂರರ ಪಕ್ಕದಲ್ಲಿ ಅದು ಬಡಪಾಯಿಯ ಹಾಗೆ ಕಂಡಿತು. ಅದನ್ನೇ ಬರೆದಳು. ಲೈನ್‌ಮನ್ ಕಂಬದಿಂದ ಇಳಿದು, ಕರಕಲಾದ ಕೀಲನ್ನು ಕೈಯಲ್ಲಿ ಆಡಿಸುತ್ತ, ಇನ್ನೊಂದು ದಿನ ಬಿಟ್ಟಿದ್ದರೆ ಯಾರನ್ನಾದರೂ ಹೊತ್ತೊಯ್ಯಬೇಕಿತ್ತೆಂದು ಯಾರಿಗೂ ಅಲ್ಲದ ಹಾಗೆ ಹೇಳಿ ಹೋದ. ಓಣಿಗೆ ಗಾಳಿ ಬಂತು. ಕೇಂದ್ರದ ಗೋಡೆಯ ಮೇಲೆ ಆ ಅಚ್ಚ ಹಸಿರು ಈಗ ಹಳದಿಗೆ ಹತ್ತಿರದ ಹಸಿರಾಗಿದೆಯೆಂದು ಜಗದೇವಿ ಮೇಡಂ ತಿಳಿಸಿದರು. ಮಹಾನಂದಾಳ ಪರವಾನಗಿಯನ್ನು ಒಂದು ವರ್ಷ ತಡೆಹಿಡಿದದ್ದನ್ನೂ ತಿಳಿಸಿದರು. ಹೌದ್ರಿ ಎಂದಳು.

ಸಂಜೆ ಅವಳೇ ಲಾಡ್ಲೆ ಸಾಬರಿಗೆ ಫೋನು ಹಚ್ಚಿ ಎಲ್ಲ ಹೇಳಿದಳು. ಅವರ ಒಂದು ಕಣ್ಣಿಗೆ ಇನ್ನೂ ಪಟ್ಟಿ ಇತ್ತು. "ಕಣ್ಣಿದ್ದಾಗ ನೋಡಲಾರದೆ ಸಹಿ ಹಾಕಿದವ ನಾನು, ಬೇಟಾ," ಎಂದರಷ್ಟೆ. ಅದು ಅವಳಿಗೆ ಪರವಾನಗಿ ಹೋದದ್ದಕ್ಕಿಂತ ಭಾರವಾಗಿ ಕೂತಿತು.

ಮರುದಿನ ಬೆಳಿಗ್ಗೆ ನಲ್ಲಿಗೆ ಹೋಗಲು ಅವಳಿಗೆ ಕಾಲು ಬರಲಿಲ್ಲ. ತಾಯಿಯೇ ಕೊಡ ಎತ್ತಿಕೊಂಡು ಹೊರಟಳು. ನಿನ್ನೆಯಿಂದ ಮಗಳೊಡನೆ ಅವಳ ಮಾತು ಊಟಕ್ಕೆ ಕರೆದಷ್ಟೇ. ಮಹಾನಂದಾ ಬಾಗಿಲ ಮರೆಯಲ್ಲಿ ನಿಂತು ನೋಡಿದಳು. ನಲ್ಲಿಯ ಸುತ್ತ ಹೆಂಗಸರಿದ್ದರು. ಶಾಂತಾಬಾಯಿ ಬಂದದ್ದಕ್ಕೆ ಮಾತು ತಗ್ಗಿತು, ಎಂದಿನ ಹಾಗೆ.

ಆಗ ತನ್ನ ಮನೆಯ ಕಟ್ಟೆಯ ಮೇಲೆ ಕಾಶಮ್ಮಾಯಿ ಬಂದು ನಿಂತಳು. ಕೈಯಲ್ಲಿ ಒಂದು ಸಣ್ಣ ಬಟ್ಟಲು. ಓಣಿಯ ಆ ತುದಿಯಿಂದ ಈ ತುದಿಗೆ ಕೇಳುವಷ್ಟು ಗಟ್ಟಿಯಾಗಿ ಕರೆದಳು.

"ಶಾಂತಾ, ನಮ್ಮ ಮನ್ಯಾಗ ಒಂದ್ ಹರಳು ಉಪ್ಪಿಲ್ಲ. ಒಂದ್ ಹಿಡಿ ಕೊಡ್ತೀಯೇನವ್ವಾ? ಒಲಿ ಮ್ಯಾಲ ಬ್ಯಾಳಿ ಅದ."

ನಲ್ಲಿಯ ನೀರು ಸುಗಲಾಬಾಯಿಯ ಕೊಡ ತುಂಬಿ ಹೊರಗೆ ಹರಿಯುತ್ತಿತ್ತು. ಯಾರೂ ನಿಲ್ಲಿಸಲಿಲ್ಲ. ಶಾಂತಾಬಾಯಿ ಕೊಡವನ್ನು ಅಲ್ಲೇ ಬಿಟ್ಟು ಮನೆಗೆ ಬಂದಳು. ಮಗಳನ್ನು ದಾಟಿ ಒಳಗೆ ಹೋಗಿ ಉಪ್ಪಿನ ಡಬ್ಬಿ ತೆಗೆದಳು. ಒಂದು ಹಿಡಿ ತುಂಬಿಕೊಂಡಳು. ಉಪ್ಪನ್ನು ಕೈಯಿಂದ ಕೈಗೆ ಕೊಡಬಾರದು, ನೆಲದ ಮೇಲಿಟ್ಟು ಕೊಡಬೇಕೆಂದು ಎಲ್ಲರಿಗೂ ಗೊತ್ತು. ಶಾಂತಾಬಾಯಿ ಕಟ್ಟೆಯ ಹತ್ತಿರ ಹೋಗಿ, ಬಗ್ಗಿ, ತನ್ನ ಹಿಡಿಯನ್ನು ಬಿಚ್ಚಲು ಬಟ್ಟಲು ಕೆಳಗಿಡುವುದನ್ನು ಕಾದಳು.

ಕಾಶಮ್ಮಾಯಿ ಬಟ್ಟಲನ್ನು ಕಂಕುಳಿಗೆ ಸೇರಿಸಿ ಬರಿಯ ಅಂಗೈ ಚಾಚಿದಳು.

ಬಾಗಿಲ ಮರೆಯಲ್ಲಿ ಮಹಾನಂದಾ ಜೇಬಿನೊಳಗಿನ ಹಸಿರು ತುಂಡನ್ನು ಬೆರಳಿಗೆ ಸುತ್ತಿಕೊಂಡು ನಿಂತಿದ್ದಳು. ಸ್ವಲ್ಪ ಹೊತ್ತು ಬಿಟ್ಟು ಹೊರಗೆ ಬಂದಳು. ತಲೆಯೆತ್ತದೆ ಓಣಿಯುದ್ದ ನಡೆದು, ತಾಯಿ ಬಿಟ್ಟುಬಂದ ಕೊಡವನ್ನು ನಲ್ಲಿಯ ಕೆಳಗಿಟ್ಟು ತುಂಬಿಸಿದಳು. ಅದನ್ನು ಹೊತ್ತು ಕಾಶಮ್ಮಾಯಿಯ ಹಿತ್ತಲಿಗೆ ಹೋದಳು. ಗುಂಡಿಗೆ ದಿನಕ್ಕೊಂದು ಕೊಡ ನೀರು ಬೇಕು.